ಮಾಲೀಕರನ್ನು ಕೇಳಿ ಹೇಳ್ತೀನಿ

ಪಕ್ಕದ ಮನೆಯ ವಿಷಯ ನನಗೆ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇರೆ ತಿಳಿದುಕೊಳ್ಳಬಾರದು. ನಾನು ಗಡಿಯಾರ ರಿಪೇರಿ ಮಾಡುವವನು. ಬೆಳಕು ಬೇಕೆಂದು ಕಿಟಕಿಯ ಹತ್ತಿರ ಮೇಜು ಹಾಕಿಕೊಂಡಿದ್ದೇನೆ. ಆ ಕಿಟಕಿ ಪಕ್ಕದ ಮನೆಯ ಅಂಗಳಕ್ಕೇ ತೆರೆದುಕೊಂಡರೆ, ನಡುವಿನ ಕಾಂಪೌಂಡ್ ಗೋಡೆ ಸೊಂಟದವರೆಗೂ ಬರದಿದ್ದರೆ, ಅಲ್ಲಿ ಆಡಿದ ಮಾತು ಒಂದೂ ಬಿಡದೆ ಇಲ್ಲಿಗೆ ಕೇಳಿಸಿದರೆ, ಅದು ಗೋಡೆ ಕಟ್ಟಿದ ಮೇಸ್ತ್ರಿಯ ತಪ್ಪು. ಕಿವಿ ಮುಚ್ಚಿಕೊಂಡು ಸ್ಕ್ರೂ ತಿರುಗಿಸಲು ಸಾಧ್ಯವೇ? ನನಗಿರುವುದು ಎರಡೇ ಕೈ.

ಆ ಮನೆಯ ಯಜಮಾನರು ರೈಲ್ವೆ ಸ್ಟೇಷನ್ನಿನ ವಿಚಾರಣೆ ಕೌಂಟರಿನಲ್ಲಿ ಗುಮಾಸ್ತರು. ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವರೆಂದರೆ ಯಾರಿಗೂ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಹೂಂ ಎನ್ನಲು ಧೈರ್ಯ ಸಾಲುವುದಿಲ್ಲ. ರೈಲು ಯಾಕೆ ತಡ ಎಂದು ಜನ ಕೌಂಟರ್ ಗುದ್ದಿದರೆ, "ಮೇಲಿನವರನ್ನ ಕೇಳಿ ಹೇಳ್ತೀನಿ" ಎಂದು ಒಳಗೆ ಹೋಗಿ ನೀರು ಕುಡಿದು ಬರುತ್ತಿದ್ದರು. ಅಷ್ಟರಲ್ಲಿ ರೈಲು ಬಂದಿರುತ್ತಿತ್ತು, ಇಲ್ಲವೇ ಜನ ಸುಸ್ತಾಗಿ ಹೋಗಿರುತ್ತಿದ್ದರು. ಇಡೀ ನೌಕರಿಯಲ್ಲಿ ಅವರು ಕಲಿತ ವಿದ್ಯೆ ಅದೊಂದೇ. ಅದನ್ನು ಅಲ್ಲಿಯೇ ಬಿಟ್ಟು ಬಂದಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ.

ಅವರ ಹೆಂಡತಿ ಶಾಲೆಯಲ್ಲಿ ಡ್ರಿಲ್ ಟೀಚರ್. ಬೀದಿಗೆಲ್ಲ ಡ್ರಿಲ್ ಮೇಡಂ. ದಿನವಿಡೀ ಮೈದಾನದಲ್ಲಿ ಕೂಗಿ ಗಂಟಲು ಸವೆಸಿಕೊಂಡು ಬರುವುದರಿಂದ ಮನೆಯಲ್ಲಿ ಮಾತು ಕಡಿಮೆ. ಕೊರಳಲ್ಲಿ ಸೀಟಿ ಮಾತ್ರ ಯಾವಾಗಲೂ ನೇತಾಡುತ್ತಿರುತ್ತದೆ. ಆ ಮನೆ ಕಟ್ಟಿದ ಜಾಗ ಮೇಡಂಗೆ ಅವರಪ್ಪ ಬಿಟ್ಟುಹೋದದ್ದು. ಮಕ್ಕಳ ಜೊತೆ ಓಡಿ ಓಡಿ ಮೊಣಕಾಲು ಕೈಕೊಟ್ಟ ಮೇಲೆ, ಗಂಡಹೆಂಡತಿ ಕೂಡಿಟ್ಟದ್ದನ್ನೆಲ್ಲ ಸುರಿದು ಮೇಲೊಂದು ಅಂತಸ್ತು ಎಬ್ಬಿಸಿದರು. ಒಳ್ಳೆಯ ಬಾಡಿಗೆದಾರರು ಬಂದು ನೆಲೆನಿಂತರೆ ಮೇಡಂ ಶಾಲೆ ಬಿಟ್ಟು ಕಾಲು ಚಾಚಿ ಕೂರಬಹುದು. ಬಾರದಿದ್ದರೆ ಮತ್ತೆ ಅದೇ ಮೈದಾನ, ಅದೇ ಮೊಣಕಾಲು.

'ಮನೆ ಬಾಡಿಗೆಗಿದೆ' ಬೋರ್ಡು ತೂಗಿ ತೂಗಿ ಬಿಸಿಲಿಗೆ ಅಕ್ಷರ ಮಾಸಿದವು. ಬಂದವರಿಗೆ ಗುಮಾಸ್ತರು ಉತ್ತರ ಕೊಡುತ್ತಿದ್ದ ರೀತಿಯೇ ಹಾಗಿತ್ತು. ಒಬ್ಬರು ಮೆಟ್ಟಿಲು ಎಡಗಡೆ ಇದ್ದಿದ್ದರೆ ಚೆನ್ನಾಗಿತ್ತು ಎಂದರು. ಇವರು ಮೇಸ್ತ್ರಿಗೆ ಹೇಳಿಕಳಿಸಿದರು. ಇನ್ನೊಬ್ಬರು ನಾಯಿ ಇದೆ ಎಂದರು. ಇವರು ನಾಯಿಗೆ ನಮ್ಮನೆ ಹಿಡಿಸುತ್ತೋ ಇಲ್ಲವೋ ಎಂದು ಚಿಂತೆಗೆ ಬಿದ್ದರು. ಕಡೆಗೆ ಸಲಹೆ ಕೊಡಲು ಮೇಡಂ ತಮ್ಮನೇ ಬರಬೇಕಾಯಿತು. ಅವನು ಹಳೆಯ ಸ್ಕೂಟರ್ ಮಾರುವವನು, ಬಾಯಿ ಬಂಡವಾಳದ ಮನುಷ್ಯ. ಊರ ತುಂಬ ಬಾಡಿಗೆ ಮನೆಗಳನ್ನು ಬದಲಾಯಿಸಿದ್ದರಿಂದ ಮಾಲೀಕರನ್ನು ಹೇಗೆ ಗೋಳು ಹೊಯ್ದುಕೊಳ್ಳಬಹುದೆಂದು ಚೆನ್ನಾಗಿ ಬಲ್ಲ.

"ಭಾವ, ನಿಮ್ಮ ಮುಖ ನೋಡಿದ್ರೆ ಯಾರು ಬೇಕಾದ್ರೂ ತಲೆ ಮೇಲೆ ಕೂರ್ತಾರೆ. ನೀವು ಮಾಲೀಕರು ಅಂತ ಬಾಯೇ ಬಿಡಬೇಡಿ" ಎಂದ.

"ಮತ್ತೆ ಯಾರು ಅಂತ ಹೇಳ್ಲಿ?"

"ಕೆಳಗಡೆ ಇರೋರು ಅನ್ನಿ, ಅದು ಸುಳ್ಳಲ್ಲವಲ್ಲ. ಏನು ಕೇಳಿದ್ರೂ ಮಾಲೀಕರನ್ನ ಕೇಳಿ ಹೇಳ್ತೀನಿ ಅನ್ನಿ. ಇಲ್ಲದೇ ಇರೋ ಮನುಷ್ಯನ ಹತ್ರ ಯಾರಾದ್ರೂ ಜಗಳ ಆಡೋಕಾಗುತ್ತಾ?"

ಗುಮಾಸ್ತರ ಮುಖ ಅರಳಿತು. ಬಟ್ಟೆ ಮಡಚುತ್ತಿದ್ದ ಮೇಡಂ, "ಹುಚ್ಚಾಟ" ಎಂದು ಒಂದೇ ಮಾತು ಹೇಳಿ ಒಳಗೆ ಹೋದರು. ಆ ಒಂದು ಮಾತನ್ನು ಕೇಳಿಸಿಕೊಂಡವನು ನಾನೊಬ್ಬನೇ.

ಮುಂದಿನ ವಾರವೇ ವಯಸ್ಸಾದ ದಂಪತಿ ಮನೆ ನೋಡಲು ಬಂದರು. ಗಂಡ ಬಟ್ಟೆ ಗಿರಣಿಯ ಕಾರ್ಮಿಕ ಸಂಘಕ್ಕೆ ಜೀವಮಾನವೆಲ್ಲ ಕಾರ್ಯದರ್ಶಿಯಾಗಿದ್ದವರು. ಗಿರಣಿ ಮುಚ್ಚಿದ ಮೇಲೂ ಆ ಗತ್ತು ಹೋಗಿರಲಿಲ್ಲ. ಹೋರಾಡಲು ಯಾರೂ ಸಿಗದೆ ಕೈ ತುರಿಸುತ್ತಿತ್ತು ಅಷ್ಟೆ. ಅವರ ಹೆಂಡತಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಇವತ್ತಿಗೂ ಯಾರಾದರೂ ಮಾತಾಡಿಸಿದರೆ ಒಂದು ಕ್ಷಣ ತಡೆದು, ಲೈನ್ ಸಿಕ್ಕಿತು ಎಂಬಂತೆ ಉತ್ತರ ಕೊಡುತ್ತಾರೆ.

ಮೇಲಿನ ಮನೆ ಅವರಿಗೆ ಹಿಡಿಸಿತು. ಆಪರೇಟರಮ್ಮ ಗೋಡೆ ತೋರಿಸಿ, "ಇಲ್ಲೊಂದು ಮೊಳೆ ಹೊಡ್ಕೋಬಹುದಾ? ಗೋಡೆ ಗಡಿಯಾರ ಇದೆ" ಎಂದರು.

"ಮಾಲೀಕರನ್ನ ಕೇಳಿ ಹೇಳ್ತೀನಿ" ಎಂದರು ಗುಮಾಸ್ತರು.

"ಓಹೋ, ಮಾಲೀಕರು ಬೇರೇನಾ? ಹಾಗಾದ್ರೆ ನೀವು?" ಎಂದರು ಕಾರ್ಯದರ್ಶಿಗಳು.

"ನಾವು ಕೆಳಗಡೆ ಇರೋರು."

ಕಾರ್ಯದರ್ಶಿಗಳು ಮುಂದೆ ಬಂದು ಗುಮಾಸ್ತರ ಎರಡೂ ಕೈ ಹಿಡಿದುಕೊಂಡರು. "ಅಂದ್ರೆ ನೀವೂ ಬಾಡಿಗೆಯವರು, ನಮ್ಮವರೇ" ಎಂದರು. ಸಂಘದ ಮನುಷ್ಯ ಒಮ್ಮೆ ನಮ್ಮವನೆಂದು ಕೈ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಬಿಡಿಸಿಕೊಳ್ಳಲು ಗುಮಾಸ್ತರಿಗೂ ಮನಸ್ಸಾಗಲಿಲ್ಲ. ಅಷ್ಟು ಪ್ರೀತಿಯಿಂದ ಅವರ ಕೈ ಹಿಡಿದವರು ಕೌಂಟರಿನಲ್ಲಿ ಯಾರಿದ್ದಾರೆ?

ಮೊದಮೊದಲು ಎಲ್ಲ ಸುಸೂತ್ರವಾಗಿತ್ತು. ಮೊಳೆ ಹೊಡೆಯಲು ಮಾಲೀಕರು ಒಪ್ಪಲಿಲ್ಲ, ಹೊಸ ಗೋಡೆಯಂತೆ. ತಾರಸಿಯಲ್ಲಿ ಹೂಕುಂಡ ಇಡಲು ಮಾಲೀಕರು ಒಪ್ಪಲಿಲ್ಲ, ಭಾರವಂತೆ. ಸಂಜೆ ಆಪರೇಟರಮ್ಮ, ಡ್ರಿಲ್ ಮೇಡಂ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಿಗಿಳಿಯುವರು. ಅಂದರೆ ಆಪರೇಟರಮ್ಮ ಮಾತಾಡುವರು, ಮೇಡಂ ಮೊಣಕಾಲು ನೀವಿಕೊಳ್ಳುತ್ತ ನಗುವರು. ಅವರು ನಕ್ಕದ್ದನ್ನು ನಾನು ಅಷ್ಟು ವರ್ಷ ನೋಡಿರಲಿಲ್ಲ. ಮಾಲೀಕರ ವಿಷಯ ಬಂದಾಗ ಮಾತ್ರ ಅವರು ಎದ್ದು ಒಳಗೆ ಹೋಗುತ್ತಿದ್ದರು.

ಗೋಡೆ ಗಡಿಯಾರ ಕುರ್ಚಿಯ ಮೇಲೆ ಮಲಗಿತ್ತು. ಮಲಗಿಸಿದ ಗಡಿಯಾರ ಸರಿಯಾಗಿ ನಡೆಯದು, ಹಾಗಾಗಿ ನನಗೆ ಕರೆ ಬಂತು. ನಾನು ಮೇಲೆ ಹೋದಾಗ ಕಾರ್ಯದರ್ಶಿಗಳು ಕೇಳಿದರು: "ನೀವು ಬಹಳ ಕಾಲದಿಂದ ಇಲ್ಲಿರೋರು. ಈ ಮಾಲೀಕರನ್ನ ನೋಡಿದ್ದೀರಾ?"

ನೀವೇ ಹೇಳಿ, ಇಲ್ಲ ಎಂದರೆ ಪಕ್ಕದ ಮನೆಯವರ ಮಾನ ಏನಾಗಬೇಕು? "ನೋಡಿದ್ದೀನಿ, ದೂರದಿಂದ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವರು ನಾನು ಮುಂದೆ ಹೇಳಲೆಂದು ಕಾಯುತ್ತಿದ್ದರು, ಕಾಯಿಸುವುದು ನನ್ನ ಜಾಯಮಾನವಲ್ಲ. "ಒಮ್ಮೆ ಕೈಗಡಿಯಾರ ರಿಪೇರಿಗೆ ಕೊಟ್ಟಿದ್ರು. ಎಷ್ಟು ಚೌಕಾಸಿ ಅಂತೀರಿ" ಎಂದು ಸೇರಿಸಿದೆ.

ಅದು ಬೀದಿಗೆ ಬಿತ್ತು. ಇಸ್ತ್ರಿ ಅಂಗಡಿಯವನು ಮಾಲೀಕರ ಕೋಟಿಗೆ ಇಸ್ತ್ರಿ ಹಾಕಿದ್ದೇನೆಂದ, ಜೇಬಿನಲ್ಲಿ ಒಂದು ಗುಂಡಿ ಇತ್ತಂತೆ, ಅದನ್ನೂ ಎಣಿಸಿ ತೆಗೆದುಕೊಂಡು ಹೋದರಂತೆ. ಕ್ಷೌರದಂಗಡಿಯವನು ಅವರಿಗೆ ತಲೆಯಲ್ಲಿ ಕೂದಲೇ ಇಲ್ಲವೆಂದ. ಔಷಧಿ ಅಂಗಡಿಯವನು ಅವರು ಒಂದು ಮಾತ್ರೆಯನ್ನು ಎರಡು ಹೋಳು ಮಾಡಿಸಿಕೊಂಡು ಅರ್ಧಕ್ಕೆ ಚೀಟಿ ಕೇಳಿದರೆಂದ. ಎಲ್ಲರೂ ನೋಡಿದ್ದರು, ಎಲ್ಲರಿಗೂ ಅವರ ಮೇಲೆ ಸಿಟ್ಟಿತ್ತು. ಗುಮಾಸ್ತರು ಒಂದು ಸಂಜೆ ನನ್ನ ಕಿಟಕಿಗೆ ಬಂದು ತಗ್ಗಿದ ದನಿಯಲ್ಲಿ, "ಆ ಮನುಷ್ಯ ಅಷ್ಟೊಂದು ಕೆಟ್ಟವನಾ?" ಎಂದು ಕೇಳಿದರು. ಮುಖ ನಿಜವಾಗಿಯೂ ಬಿಳಿಚಿಕೊಂಡಿತ್ತು.

ಇಷ್ಟರಲ್ಲಿ ಮೇಲಿನ ಬಚ್ಚಲಿನ ಪೈಪು ಎಲ್ಲೋ ಬಿರುಕು ಬಿಟ್ಟು ಕೆಳಗಿನ ನಡುಮನೆಯ ಸೂರು ಒಸರಲು ಶುರುವಾಯಿತು. ಪ್ಲಂಬರ್ ಬಂದು ನೋಡಿ, ಮೇಲಿನ ಟೈಲ್ಸ್ ಒಡೆಯದೆ ಆಗದು ಎಂದ. ಹೊಚ್ಚಹೊಸ ಟೈಲ್ಸ್. ಗುಮಾಸ್ತರೇ ಅಂಗಡಿ ಅಂಗಡಿ ಸುತ್ತಿ ಆರಿಸಿದ್ದು. ಅವರಿಗೆ ಹೂಂ ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. "ಮಾಲೀಕರನ್ನ ಕೇಳಿ ಹೇಳ್ತೀನಿ" ಎಂದು ಪ್ಲಂಬರನನ್ನೂ ಕಳಿಸಿಬಿಟ್ಟರು.

ಮರುದಿನ ಕಾರ್ಯದರ್ಶಿಗಳು ಪೇಪರ್ ಕೇಳಲು ಕೆಳಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ನಡುಮನೆಯಲ್ಲಿ ಗುಮಾಸ್ತರು ಕೊಡೆ ಬಿಡಿಸಿಕೊಂಡು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಕೊಡೆಯ ಮೇಲೆ ನೀರು ಟಪ್ ಟಪ್ ಎಂದು ಬೀಳುತ್ತಿತ್ತು.

"ಕುರ್ಚಿ ಆ ಕಡೆ ಸರಿಸಬಾರದಾ?" ಎಂದರು ಕಾರ್ಯದರ್ಶಿಗಳು ಕಡೆಗೆ.

"ಆ ಕಡೆ ಬಕೆಟ್ಟುಗಳಿವೆ."

"ಇದನ್ನ ಮಾಲೀಕರಿಗೆ ಹೇಳಿದ್ರಾ?"

"ಹೇಳ್ದೆ. ಟೈಲ್ಸ್ ಒಡೆಯೋಕೆ ಅವರಿಗೆ ಮನಸ್ಸು ಬರ್ತಿಲ್ಲ." ಇದಕ್ಕಿಂತ ನಿಜವಾದ ಮಾತನ್ನು ಅವರು ಆಡಿರಲಿಲ್ಲ.

ಕಾರ್ಯದರ್ಶಿಗಳ ಕಣ್ಣಲ್ಲಿ ನೀರು ತುಂಬಿತು. ಅದು ದುಃಖವೋ, ಬಹಳ ಕಾಲದ ಮೇಲೆ ಒಂದು ಹೋರಾಟ ಸಿಕ್ಕಿದ ಸಂತೋಷವೋ ನಾನು ಹೇಳಲಾರೆ. ಅವತ್ತು ಸಂಜೆಯೇ ಬಾಡಿಗೆದಾರರ ಸಂಘ ಹುಟ್ಟಿತು. ಕಾರ್ಯದರ್ಶಿ ಅವರೇ, ಖಜಾಂಚಿ ಆಪರೇಟರಮ್ಮ, ಅವಿರೋಧವಾಗಿ ಆಯ್ಕೆಯಾದ ಅಧ್ಯಕ್ಷರು ಗುಮಾಸ್ತರು. ನನ್ನನ್ನು ಬೆಂಬಲಿಗನೆಂದು ಸೇರಿಸಿಕೊಂಡರು. ಡ್ರಿಲ್ ಮೇಡಂ ಮಾತ್ರ, "ನಾನು ಸೇರಲ್ಲ" ಎಂದರು.

"ಹೆದರಬೇಡಿ ತಾಯಿ, ಆ ಮಾಲೀಕನಿಗೆ ಏನೂ ಮಾಡೋಕಾಗಲ್ಲ" ಎಂದರು ಕಾರ್ಯದರ್ಶಿಗಳು.

"ಅದು ನನಗೂ ಗೊತ್ತು" ಎಂದು ಮೇಡಂ ಗಂಡನ ಕಡೆ ನೋಡಿದರು. ಅಧ್ಯಕ್ಷರು ಸೂರಿನ ಕಡೆ ನೋಡಿದರು.

ಭಾನುವಾರ ಗೇಟಿನ ಮುಂದೆ ಧರಣಿ. "ಕಲ್ಲುಹೃದಯದ ಮಾಲೀಕರಿಗೆ" ಎಂದು ಕಾರ್ಯದರ್ಶಿಗಳು ಕೂಗಿದರೆ "ಧಿಕ್ಕಾರ" ಎಂದು ನಾವು. ಇಸ್ತ್ರಿಯವನೂ ಅಂಗಡಿ ಮುಚ್ಚಿ ಬಂದ. ಅಧ್ಯಕ್ಷರು ತಮ್ಮ ಗೇಟಿಗೇ ಒರಗಿಕೊಂಡು ಮುಷ್ಟಿಯನ್ನು ಕಿವಿಯವರೆಗೆ ಎತ್ತಿ, ಅಲ್ಲಿಂದ ತಲೆ ಕೆರೆದುಕೊಂಡು ಇಳಿಸುತ್ತಿದ್ದರು. ಕಿಟಕಿಯಲ್ಲಿ ಕೂತಿದ್ದ ಮೇಡಂ ಮೂರನೆಯ ಧಿಕ್ಕಾರಕ್ಕೆ ಕದ ಹಾಕಿಕೊಂಡರು. ಗದ್ದಲ ಕೇಳಲಾಗದೆ ಹಾಕಿಕೊಂಡರೆಂದೇ ನಾವೆಲ್ಲ ತಿಳಿದೆವು.

ಮಾಲೀಕರು ಖುದ್ದಾಗಿ ಬಂದು ಉತ್ತರ ಕೊಡಬೇಕೆಂದು ಸಂಘ ಪಟ್ಟು ಹಿಡಿಯಿತು. ಕೊಡದಿದ್ದರೆ ಊರಿನ ಎಲ್ಲ ಕಚೇರಿಗಳ ಮೆಟ್ಟಿಲು ಹತ್ತುವುದಾಗಿ ಕಾರ್ಯದರ್ಶಿಗಳು ತೊಡೆ ತಟ್ಟಿದರು. ಅಧ್ಯಕ್ಷರಿಗೆ ಕೈಕಾಲು ಆಡಲಿಲ್ಲ. ಭಾವಮೈದುನನ ಮುಂದೆ ಹೋಗಿ, "ನೀನೇ ಹುಟ್ಟಿಸಿದ ಮಾಲೀಕ, ನೀನೇ ಬಂದು ನಿಲ್ಲಪ್ಪ. ಪೈಪ್ ರಿಪೇರಿ ಮಾಡಿಸ್ತೀನಿ ಅಂತ ಒಂದು ಮಾತು ಹೇಳಿ ಹೋಗಿಬಿಡು" ಎಂದು ಅಂಗಲಾಚಿದರು.

ಅವನು ಬಂದ. ಮೇಡಂ ಶಾಲೆಯಲ್ಲಿದ್ದ ಹೊತ್ತು ನೋಡಿಕೊಂಡೇ ಬಂದ. ಕಪ್ಪು ಕನ್ನಡಕ, ತಲೆಗೆ ಟೋಪಿ. ಕ್ಷೌರದಂಗಡಿಯವನ ಮಾತು ಅವನ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ. ಹತ್ತಿ ಬಂದ ಸ್ಕೂಟರಿನ ಹ್ಯಾಂಡಲ್ಲಿನಲ್ಲಿ ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಕಾರ್ಯದರ್ಶಿಗಳು ಅದನ್ನು ನೋಡಿ, "ನೋಡಿ, ಕೊಂಡ ಬೆಲೆ ಊರಿಗೆಲ್ಲ ಗೊತ್ತಾಗಲಿ ಅಂತ ಚೀಟಿ ಕೂಡ ಕಿತ್ತಿಲ್ಲ. ಏನು ದರ್ಪ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆಮೇಲೆ ಅವರು ಬಾಯಿ ಬಿಟ್ಟರು ನೋಡಿ. ಕಾರ್ಮಿಕರ ಬೆವರಿನಿಂದ ಶುರುಮಾಡಿ, ಗಿರಣಿಯ ಇತಿಹಾಸ ಮುಗಿಸಿ, ಕೊಡೆಯ ಹತ್ತಿರ ಬರುವಷ್ಟರಲ್ಲಿ ಭಾವಮೈದುನನ ತಾಳ್ಮೆ ತಪ್ಪಿತ್ತು. ಬೈಸಿಕೊಂಡು ನಿಂತವನಿಗೆ ತಾನು ನಿಜವಾಗಿ ಮಾಲೀಕನಲ್ಲ ಎಂಬುದೇ ಮರೆತಿತ್ತು.

"ರೀ, ನನ್ನ ಮನೆ, ನನ್ನ ಪೈಪು" ಎಂದು ದನಿ ಏರಿಸಿದ. "ಸೋರುತ್ತೆ ಅನ್ನೋರು ಯಾರು? ಕೆಳಗಿನವರಾ? ಇಷ್ಟ ಇಲ್ಲದಿದ್ರೆ ಕೆಳಗಿನವರು ಈ ವಾರದಲ್ಲಿ ಖಾಲಿ ಮಾಡ್ಲಿ." ಹಾಗೆನ್ನುತ್ತ ಅಕ್ಕನ ಗಂಡನ ಎದೆಗೆ ಬೆರಳು ತೋರಿಸಿದ.

ಅಧ್ಯಕ್ಷರು ಅಭ್ಯಾಸಬಲದಿಂದ, "ಆಯ್ತು ಸಾರ್" ಎಂದರು.

ಹಿತ್ತಲಿನಲ್ಲಿ ಅವರಿಬ್ಬರೂ ಸೇರಿದಾಗ ನಡೆದ ಮಾತೂ ನನಗೆ ಕೇಳಿಸಿತು. ಹಿತ್ತಲ ಕಡೆಗೂ ನನಗೊಂದು ಕಿಟಕಿ ಇದೆ. "ಏನೋ ನೀನು ಅಂದಿದ್ದು?" ಎಂದರೆ, "ಕ್ಷಮಿಸಿ ಭಾವ, ಅವರು ನನ್ನ ಮನೆ ಬಗ್ಗೆ ಮಾತಾಡಿದಾಗ ತಡ್ಕೊಳ್ಳೋಕಾಗ್ಲಿಲ್ಲ" ಎಂದ ಆ ಪುಣ್ಯಾತ್ಮ.

ಹೆಂಡತಿಗೆ ಹೇಳಿಬಿಡಿ ಎಂದು ನಾನು ಬುದ್ಧಿ ಹೇಳಿದೆ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಎನ್ನುತ್ತಿರುವಾಗಲೇ ಶುಕ್ರವಾರ ಬಂತು, ಅದರ ಹಿಂದೆ ಒಂದು ಲಾರಿಯೂ ಬಂತು. ಲಾರಿಯಿಂದ ಇಳಿದವರು ಗಿರಣಿ ಸಂಘದ ಹಳೆಯ ಸಂಗಾತಿಗಳು. ಎಲ್ಲರ ತಲೆಯೂ ನರೆತಿತ್ತು, ತೋಳು ಮಾತ್ರ ಇನ್ನೂ ಗಿರಣಿಯ ತೋಳು. ಕಾರ್ಯದರ್ಶಿಗಳು ಅಧ್ಯಕ್ಷರ ಭುಜದ ಮೇಲೆ ಕೈಯಿಟ್ಟರು.

"ನಿಮ್ಮನ್ನ ಹೊರಗೆ ಹಾಕಿದ ಮನೇಲಿ ನಾವು ಒಂದು ದಿನ ಇರಲ್ಲ. ಎರಡು ಬೀದಿ ಆಚೆ ಮನೆ ನೋಡಿದ್ದೀನಿ. ಕೆಳಗೆ ನೀವು, ಮೇಲೆ ನಾವು. ಮಾತೂ ಕೊಟ್ಟಾಯ್ತು. ಮೊದಲು ನಿಮ್ಮ ಸಾಮಾನು ಹೋಗ್ಲಿ, ಆಮೇಲೆ ನಮ್ಮದು."

"ಸ್ವಲ್ಪ ಇರಿ, ಕೇಳಿ ಹೇಳ್ತೀನಿ" ಎಂದರು ಅಧ್ಯಕ್ಷರು.

"ಇನ್ಯಾರನ್ನ ಕೇಳ್ತೀರಿ? ಆ ಕಟುಕನನ್ನಾ?"

ಹಾಗೆ ನಮ್ಮ ಗುಮಾಸ್ತರು ತಮ್ಮ ಸ್ವಂತ ಮನೆಯನ್ನು ಖಾಲಿ ಮಾಡತೊಡಗಿದರು. ಮಂಚ ಹೋಯಿತು, ಬೀರು ಹೋಯಿತು. ಬೀರು ಬಾಗಿಲಲ್ಲಿ ಸಿಕ್ಕಿಕೊಂಡಾಗ, ಗೋಡೆಗೆ ತಾಗದಂತೆ ಹೇಗೆ ಓರೆ ಮಾಡಬೇಕೆಂದು ತೋರಿಸಿಕೊಟ್ಟವರೂ ಅವರೇ. "ಬಿಡಿ ಅಧ್ಯಕ್ಷರೇ, ಅವನ ಗೋಡೆ ಹಾಳಾದ್ರೆ ನಿಮಗೇನು" ಎಂದು ಒಬ್ಬ ಸಂಗಾತಿ ಬೀರುವನ್ನು ಬೇಕೆಂದೇ ಗೋಡೆಗೆ ಉಜ್ಜಿಕೊಂಡು ಎಳೆದ. ಅಧ್ಯಕ್ಷರು ಕಣ್ಣು ಮುಚ್ಚಿಕೊಂಡು, "ನಿಧಾನ" ಎಂದರು. ಆಮೇಲೆ ಲಾರಿ ಹತ್ತಿ ಹಗ್ಗದ ಗಂಟು ಬಿಗಿ ಮಾಡಿದರು. ಒಳ್ಳೆಯ ಮನುಷ್ಯ ಎಂದು ನಾನು ಮೊದಲೇ ಹೇಳಲಿಲ್ಲವೇ?

ಭಾವಮೈದುನ ಅದೇ ಹೊತ್ತಿಗೆ ಬರಬೇಕೇ? ಭಾವನ ಕಷ್ಟ ಏನಾಯಿತೋ ನೋಡೋಣವೆಂದು ಬಂದವನು ಲಾರಿ ನೋಡಿ ಗಾಬರಿಯಾಗಿ ಕಪ್ಪು ಕನ್ನಡಕ ಹಾಕಿಕೊಂಡ. ಅಲ್ಲಿಗೆ ಮುಗಿಯಿತು. "ಬಂದ, ಖಾಲಿ ಮಾಡ್ತಾರೋ ಇಲ್ವೋ ಅಂತ ನೋಡೋಕೆ ಬಂದ" ಎಂದು ಸಂಗಾತಿಗಳು ಸುತ್ತುಗಟ್ಟಿದರು. ಆಪರೇಟರಮ್ಮ ಮೆಟ್ಟಿಲಿಳಿದು ಬಂದು, "ನಿಮಗೆ ಅಕ್ಕತಂಗಿಯರಿಲ್ವೇನಪ್ಪ?" ಎಂದು ಕೇಳಿದರು. ಅವನು ಒಂದು ಕ್ಷಣ ಯೋಚಿಸಿ, "ಒಬ್ಬಳು ಅಕ್ಕ ಇದ್ದಾಳೆ" ಎಂದ.

ಆ ಅಕ್ಕ ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕುಂಟುತ್ತ ಬರುತ್ತಿದ್ದರು.

ತಮ್ಮ ಮಂಚ ಲಾರಿಯ ಮೇಲೆ ಕಾಲು ಮೇಲಾಗಿ ಮಲಗಿರುವುದನ್ನು, ಮಂಚದ ಮೇಲೆ ಗಂಡ ಹಗ್ಗ ಹಿಡಿದು ನಿಂತಿರುವುದನ್ನು, ಕನ್ನಡಕದ ಹಿಂದೆ ತಮ್ಮನನ್ನು, ಎಲ್ಲವನ್ನೂ ಮೇಡಂ ಒಂದೇ ನೋಟದಲ್ಲಿ ನೋಡಿದರು. ಕೊರಳ ಸೀಟಿ ಬಾಯಿಗೆ ಹೋಯಿತು. ಅಂಥ ಸೀಟಿಯನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಸಂಗಾತಿಗಳು ಕನ್ನಡಿ ಹಿಡಿದವರು ಹಿಡಿದಂತೆ, ಬಕೆಟ್ಟು ಎತ್ತಿದವರು ಎತ್ತಿದಂತೆ ನಿಂತರು. ಕಾರ್ಯದರ್ಶಿಗಳಿಗೆ ತಿಳಿಯದೆಯೇ ಹಿಮ್ಮಡಿ ಜೋಡಿಯಾಗಿತ್ತು. ನಾನೂ ಎದ್ದು ನಿಂತಿದ್ದೆ, ಕಿಟಕಿಯ ಒಳಗೇ.

"ಯಾರು ಹೇಳಿದ್ದು ಖಾಲಿ ಮಾಡೋಕೆ?" ಎಂದರು ಮೇಡಂ.

"ಮಾಲೀಕರು ತಾಯಿ. ಇಲ್ಲೇ ಇದ್ದಾನೆ ನೋಡಿ" ಎಂದರು ಕಾರ್ಯದರ್ಶಿಗಳು.

"ಕನ್ನಡಕ ತೆಗಿಯೋ."

ಅವನು ತೆಗೆದ. ಟೋಪಿಯನ್ನೂ ತೆಗೆದ. ತಲೆತುಂಬ ಕೂದಲಿತ್ತು.

"ಇವನು ನನ್ನ ತಮ್ಮ. ಸ್ಕೂಟರ್ ಮಾರ್ತಾನೆ. ಈ ಜಾಗ ನಮ್ಮಪ್ಪ ನನಗೆ ಕೊಟ್ಟಿದ್ದು. ಮಾಲೀಕಳು ನಾನು" ಎಂದರು ಮೇಡಂ. ಗಂಟಲು ಒಡೆದಿತ್ತು, ಆದರೂ ನಿಲ್ಲಿಸಲಿಲ್ಲ. "ಕಲ್ಲುಹೃದಯ ಅಂದ್ರಿ, ಕಟುಕ ಅಂದ್ರಿ. ಬೀದಿಯೋರೆಲ್ಲ ಬಂದು ನನ್ನ ಗೇಟಲ್ಲೇ ನಿಂತು ಧಿಕ್ಕಾರ ಕೂಗಿದ್ರಿ. ನಾನು ಒಳಗೆ ಕೂತು ಕೇಳ್ತಿದ್ದೆ. ಒಂದು ಮೊಳೆ ಹೊಡೀಬಹುದಾ ಅಂತ ನನ್ನನ್ನ ಒಬ್ರಾದ್ರೂ ಕೇಳಿದ್ರಾ? ಮಾಲೀಕರನ್ನ ಕೇಳಿ ಹೇಳ್ತೀನಿ ಅಂತ ದಿನಾ ಹೋದವರು, ಒಂದು ದಿನ ಒಳಗೆ ಬಂದು ನನ್ನನ್ನ ಕೇಳಿದ್ರಾ?"

ಕಡೆಯ ಪ್ರಶ್ನೆ ಲಾರಿಯ ಮೇಲಿದ್ದ ಗಂಡನಿಗೆ. ಗುಮಾಸ್ತರು ಇಳಿದು ಬಂದರು. ಇಷ್ಟು ದಿನ ಮಾಲೀಕರೆಂದರೆ ತಾನೇ, ಅದನ್ನು ಬಚ್ಚಿಟ್ಟಿದ್ದೇನೆ ಅಷ್ಟೆ ಎಂದೇ ಆ ಮನುಷ್ಯ ತಿಳಿದಿದ್ದ. ಈ ಸಲ ಯಾರನ್ನೂ ಕೇಳಲು ಒಳಗೆ ಹೋಗಲಿಲ್ಲ. "ಇಲ್ಲ. ಕೇಳ್ಲಿಲ್ಲ. ತಪ್ಪಾಯ್ತು" ಎಂದರು. ಅವರ ಬಾಯಲ್ಲಿ ಇಲ್ಲ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಆಪರೇಟರಮ್ಮ ಒಂದು ಕ್ಷಣ ತಡೆದು, ಮೇಡಂ ಹತ್ತಿರ ಹೋಗಿ ಕೈ ಹಿಡಿದುಕೊಂಡು, "ಗಡಿಯಾರಕ್ಕೆ ಒಂದು ಮೊಳೆ ಹೊಡ್ಕೋಬಹುದಾ?" ಎಂದರು.

"ಹತ್ತು ಹೊಡ್ಕೊಳ್ಳಿ. ನೀವು ಹೋಗಬೇಡಿ" ಎಂದರು ಮೇಡಂ. ಅಷ್ಟು ಹೇಳುವಾಗ ಕಣ್ಣು ಒದ್ದೆಯಾಯಿತು, ಅದನ್ನು ಮುಚ್ಚಲು ಇನ್ನೊಂದು ಸೀಟಿ ಊದಿದರು. ಸಾಮಾನು ಇಳಿಯತೊಡಗಿತು. ಬೀರುವನ್ನು ತಮ್ಮನೊಬ್ಬನ ಬೆನ್ನಿಗೇ ಹೊರಿಸಿದರು.

ಕಾರ್ಯದರ್ಶಿಗಳಿಗೆ ಸಿಟ್ಟು ಬರುತ್ತದೆ, ಈ ಸುಳ್ಳಿನ ಮನೆಯೇ ಬೇಡವೆಂದು ಹೊರಟುಬಿಡುತ್ತಾರೆ ಎಂದು ನಾನು ಕಾದೆ. ಅವರು ಗುಮಾಸ್ತರ ಹತ್ತಿರ ಬಂದರು. "ಅಂದ್ರೆ ನೀವು ಹೇಳಿದ್ರಲ್ಲಿ ಸುಳ್ಳೇನೂ ಇರ್ಲಿಲ್ಲ. ಮಾಲೀಕರು ಬೇರೆ, ನೀವು ಕೆಳಗಡೆ ಇರೋರು" ಎಂದರು. ಆಮೇಲೆ ದನಿ ತಗ್ಗಿಸಿ, ಕರುಣೆಯಿಂದ, "ಮಾಲೀಕರ ಜೊತೆ ಒಂದೇ ಸೂರಿನ ಕೆಳಗೆ. ಗಿರಣಿಯಲ್ಲೂ ಇಂಥ ಕಷ್ಟ ಯಾರಿಗೂ ಬಂದಿರ್ಲಿಲ್ಲ. ಅಧ್ಯಕ್ಷ ಸ್ಥಾನ ನಿಮ್ಮದೇ, ಸಂಘ ನಿಮ್ಮ ಕೈ ಬಿಡಲ್ಲ" ಎಂದರು.

ಪ್ಲಂಬರ್ ಮರುದಿನವೇ ಬಂದ. ಟೈಲ್ಸ್ ಒಡೆದಾಗ ಗುಮಾಸ್ತರು ಬೀದಿಯ ಕೊನೆಯವರೆಗೆ ನಡೆದುಹೋಗಿ ನಿಂತಿದ್ದರು. ಮೇಡಂ ಶಾಲೆಗೆ ರಾಜೀನಾಮೆ ಕೊಟ್ಟು ಈಗ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಾರೆ. ಪಕ್ಕದಲ್ಲಿ ಆಪರೇಟರಮ್ಮ.

ಮೊನ್ನೆ ಗುಮಾಸ್ತರು ನನ್ನ ಕಿಟಕಿಗೆ ಬಂದು ಸುತ್ತಿಗೆ ಕೇಳಿದರು. ನಡುಮನೆಯಲ್ಲಿ ಕೊಡೆ ನೇತುಹಾಕಲು ಒಂದು ಮೊಳೆ ಬೇಕಂತೆ.

"ಮಾಲೀಕರನ್ನ ಕೇಳಿದ್ರಾ?" ಎಂದೆ, ಸುತ್ತಿಗೆ ಕೊಡುತ್ತ.

ಅವರು ಸುತ್ತಿಗೆಯನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು. "ಕೇಳಿ ಹೇಳ್ತೀನಿ" ಎಂದು ಹೋದರು. ಸ್ವಲ್ಪ ಹೊತ್ತಿಗೆ ಮೇಡಂ ತಾವೇ ಬಂದು ಸುತ್ತಿಗೆ ತೆಗೆದುಕೊಂಡು ಹೋದರು, ಹಿಂದೆಯೇ ಠಕ್ ಠಕ್ ಎಂಬ ಸದ್ದು. ಬೆಳಕಿಗೆಂದು ನಾನು ಕಿಟಕಿಯತ್ತ ಸ್ವಲ್ಪ ಬಾಗಿದೆ. ಹೊಡೆಯುತ್ತಿದ್ದವರು ಮಾಲೀಕರು. ಮೊಳೆ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದವರು ಅಧ್ಯಕ್ಷರು.